ಗ್ಯಾಲರಿ ಹೊತ್ತ ಕೈಗಳು

ಗಿರ್‌ಗಾಂವ್‌ನ ಚಾಳಿನಲ್ಲಿ ನಮ್ಮದು ಎರಡನೇ ಮಾಳಿಗೆ. ಖೋಲಿಯ ಹೊರಗೋಡೆಯ ಒಳಮೈಯಲ್ಲಿ, ಛಾವಣಿಯಿಂದ ಒಂದು ಗೇಣು ಕೆಳಗೆ, ತಿಂಡಿ ತಟ್ಟೆಯಷ್ಟಗಲದ ಎರಡು ಕಬ್ಬಿಣದ ಬಿಲ್ಲೆಗಳಿದ್ದವು. ಬಿಲ್ಲೆಯ ನಡುವೆ ದಪ್ಪ ನಟ್ಟು. ಅಮ್ಮ ಅದಕ್ಕೆ ಸೊಳ್ಳೆಪರದೆಯ ದಾರ ಕಟ್ಟುತ್ತಿದ್ದಳು. ಯಾಕಿವೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಅಪ್ಪ 1958ರಲ್ಲಿ ಉಡುಪಿ ಕಡೆಯಿಂದ ಬಂದವರು. ಹಗಲು ಫೋರ್ಟ್‌ನ ಕ್ಯಾಂಟೀನಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಆಮೇಲೆ ಗುಮಾಸ್ತರಾಗಿ ಈ ಖೋಲಿ ಹಿಡಿದರು. ಊರಿಂದ ಬಂದವರೆಲ್ಲ ಮೊದಲು ಇಳಿಯುತ್ತಿದ್ದುದು ನಮ್ಮಲ್ಲೇ, ಮಲಗುತ್ತಿದ್ದುದು ಗ್ಯಾಲರಿಯಲ್ಲಿ. ಇದನ್ನು ಓದುತ್ತಿರುವ ನಿಮ್ಮ ಮನೆಯ ಹಿರಿಯರೊಬ್ಬರು ಇಂಥದೇ ಗ್ಯಾಲರಿಯಲ್ಲಿ ಚಾಪೆ ಹಾಸಿ ಮಲಗಿದ್ದರೆ ಆಶ್ಚರ್ಯವಿಲ್ಲ. ಆ ನಾಲ್ಕು ಅಡಿ ಅಗಲದ ಗ್ಯಾಲರಿಗೆ ಕೆಳಗೆ ಕಂಬವಿಲ್ಲ. ಗೋಡೆಯಿಂದ ಹೊರಚಾಚಿದ ಕಬ್ಬಿಣದ ಬ್ರಾಕೆಟ್ಟುಗಳೇ ಅದನ್ನು ಹೊತ್ತಿದ್ದವು. ನಮ್ಮ ಕಡೆ ಇದಕ್ಕೆ ಮದನಕೈ ಅನ್ನುತ್ತಾರೆ. ಬೇಲೂರಿನ ಶಿಲಾಬಾಲಿಕೆಯರು ನಿಂತಿರುವ ಜಾಗವೂ ಅದೇ ತಾನೆ!

ಮುಂಬಯಿಯ ಹಳೇ ಮನೆಗಳಲ್ಲಿ ಈ ಕೈಗಳು ಮರದವು, ಕೆತ್ತನೆಯವು. ಬ್ರಿಟನ್ನಿನ ಎರಕದ ಕಾರ್ಖಾನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ಚಿತ್ರಪಟ್ಟಿ ಛಾಪಿಸಿ, ಕಂಬ, ಕಟಾಂಜನ, ಬ್ರಾಕೆಟ್ಟುಗಳನ್ನು ಹಡಗಿನಲ್ಲಿ ಕಳಿಸತೊಡಗಿದವು. ಕಾಲಾ ಘೋಡಾದ ವಾಟ್ಸನ್ ಹೋಟೆಲಿನ ಅಸ್ಥಿಪಂಜರವನ್ನೇ 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಿಸಿ ಇಲ್ಲಿಗೆ ತಂದು ಜೋಡಿಸಿದರು. 1896ರ ಜುಲೈ 7ರಂದು ಲ್ಯುಮಿಯೇರ್ ಸಹೋದರರ ಚಲನಚಿತ್ರಗಳನ್ನು ತೋರಿಸಿದ್ದು ಅದೇ ಕಟ್ಟಡದಲ್ಲಿ. ಅಲ್ಲಿಯ ಬಾಲ್ಕನಿಗಳ ಒಂದು ಭಾಗ 2005ರಲ್ಲಿ ಕುಸಿದುಬಿತ್ತು. ಪೇಪರಿನಲ್ಲಿ ಆ ಫೋಟೋ ನೋಡಿ ನಾನು ಪುಟ ಮಗುಚಿದೆ, ಅಷ್ಟೇ.

ರಿಪೇರಿ ಯಾರು ಮಾಡಿಸಬೇಕು ಅನ್ನುವುದಕ್ಕೂ ಒಂದು ಚರಿತ್ರೆ ಇದೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಅದಿಲ್ಲದಿದ್ದರೆ ಅಪ್ಪನಂಥವರು ಈ ಊರಿನಲ್ಲಿ ಉಳಿಯುತ್ತಿರಲಿಲ್ಲ ಅನ್ನುವುದು ಖರೆ. ತಿಂಗಳಿಗೆ ಮೂವತ್ತು ರೂಪಾಯಿಯೂ ಸಿಗದ ಮಾಲೀಕ ಸುಣ್ಣ ಕೂಡ ಬಳಿಸಲಿಲ್ಲ ಅನ್ನುವುದೂ ಖರೆ. ಮನೆಗಳು ಬೀಳತೊಡಗಿದ ಮೇಲೆ 1969ರಲ್ಲಿ ರಿಪೇರಿ ಮಂಡಳಿಯ ಕಾಯ್ದೆ ಬಂತು. ಹಳೇ ಕಟ್ಟಡಗಳಿಂದ ಕರ ಎತ್ತಿ, ಅದರಿಂದ ದುರಸ್ತಿ ಮಾಡಿಸುವ ಏರ್ಪಾಡು. ಸಣ್ಣಪುಟ್ಟದಕ್ಕೆಲ್ಲ ನಾವೇ ಚಂದಾ ಎತ್ತುತ್ತಿದ್ದೆವು.

1998ರಲ್ಲಿ ಹಾಗೇ ಆಯಿತು. ನಮ್ಮ ತಲೆಯ ಮೇಲಿನ ಗ್ಯಾಲರಿಯ, ಅಂದರೆ ಮೂರನೇ ಮಾಳಿಗೆಯ, ಒಂದು ಬ್ರಾಕೆಟ್ಟು ಬಿರುಕು ಬಿಟ್ಟಿತ್ತು. ಎರಕದ ಕಬ್ಬಿಣಕ್ಕೆ ಒತ್ತಿದರೆ ತಡೆಯುವ ಶಕ್ತಿಯಿದೆ, ಎಳೆದರೆ ಇಲ್ಲ. ಬಾಗಿ ಸೂಚನೆ ಕೊಡದೆ ತಟಕ್ಕನೆ ಮುರಿಯುತ್ತದೆ. ಸೆಕ್ರೆಟರಿ ನಾನೇ. ಮೂರು ಕೊಟೇಶನ್ ಬಂತು, ಎಲ್ಲಕ್ಕಿಂತ ಅಗ್ಗದ್ದಕ್ಕೆ ಸಹಿ ಹಾಕಿದೆ. ಆ ಸಾಲಿನ ಆರೂ ಹಳೇ ಕೈ ತೆಗೆದು, ಉಕ್ಕಿನ ಆ್ಯಂಗಲ್ ಬೆಸೆದ ಹೊಸ ಬ್ರಾಕೆಟ್ಟು ಹಾಕಿದರು. ಹೊರಗಿನಿಂದಲೇ ನಾಲ್ಕಿಂಚಿನ ಎಕ್ಸ್‌ಪಾನ್ಶನ್ ಬೋಲ್ಟು, ಸುತ್ತ ಸಿಮೆಂಟು. ಒಳಗಿನ ಬಿಲ್ಲೆಗಳನ್ನು ಕಿತ್ತು ಗೋಡೆ ನುಣುಪು ಮಾಡಿಕೊಟ್ಟಾಗ ಎಲ್ಲರಿಗೂ ಖುಷಿಯೋ ಖುಷಿ. ಅಮ್ಮ ಮಾತ್ರ ಸೊಳ್ಳೆಪರದೆ ಎಲ್ಲಿ ಕಟ್ಟಲಿ ಅಂದಳು.

2006ರ ಮಳೆಗಾಲದ ಒಂದು ರಾತ್ರಿ ಮೂರು ಗಂಟೆಗೆ ಧಡಾರ್ ಅಂತ ಸದ್ದು. ಮೇಲಿನ ಗ್ಯಾಲರಿಯ ಒಂದು ಮೂಲೆ ಜೋತುಬಿದ್ದು, ನೀರಿನ ಡ್ರಮ್ಮು ಅಂಗಳಕ್ಕೆ ಹಾರಿತ್ತು. ಅದರ ಪಕ್ಕದಲ್ಲೇ ದಿನಾ ಮಲಗುತ್ತಿದ್ದ ಅಜ್ಜಿ ಅವತ್ತು ಮೊಮ್ಮಗನಿಗೆ ಜ್ವರ ಅಂತ ಒಳಗಿದ್ದಳು.

ಆಗ ಬಂದ ಇಂಜಿನಿಯರರು ನನ್ನನ್ನು ಬೈಯಲಿಲ್ಲ, ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಬ್ರಾಕೆಟ್ಟಿನ ಕೆಳತುದಿ ಗೋಡೆಯನ್ನು ಒತ್ತುತ್ತದೆ, ಮೇಲ್ತುದಿ ಗೋಡೆಯಿಂದ ಹೊರಗೆ ಎಳೆಯುತ್ತದೆ. ಇನ್ನೂರು ಲೀಟರಿನ ತುಂಬಿದ ಡ್ರಮ್ಮು ಇನ್ನೂರು ಕಿಲೋ. ಎರಡಡಿ ಎತ್ತರದ ಬ್ರಾಕೆಟ್ಟಿನ ಮೇಲೆ ಅದನ್ನು ಗೋಡೆಯಿಂದ ಮೂರಡಿ ದೂರ, ಕಟಾಂಜನದ ಪಕ್ಕ ಇಟ್ಟರೆ ಮೇಲಿನ ಬೋಲ್ಟಿಗೆ ಮುನ್ನೂರು ಕಿಲೋ ಎಳೆತ. ಒಂದಡಿಯಲ್ಲಿಟ್ಟರೆ ನೂರೇ. ಎಕ್ಸ್‌ಪಾನ್ಶನ್ ಬೋಲ್ಟು ಸುತ್ತಲಿನ ಗೋಡೆಯನ್ನು ಅಗಲಿಸಿ ಹಿಡಿಯುವಂಥದು. ಕಾಂಕ್ರೀಟಿಗೆ ಸರಿ, ಸುಣ್ಣದ ಗಾರೆಯ ಮೆತ್ತನೆ ಇಟ್ಟಿಗೆಯನ್ನು ಅದು ಒಡೆಯುತ್ತದೆ. ಸಿಮೆಂಟು ಗೋಡೆಯೊಳಗಿನ ಪಸೆಯನ್ನು ಹೊರಗೆ ಬಿಡದೆ ಬೋಲ್ಟಿಗೆ ತುಕ್ಕು ಹಿಡಿಸಿತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬಿ ಇಟ್ಟಿಗೆಯನ್ನು ಸೀಳುತ್ತದೆ. ಹಳಬರ ಬೋಲ್ಟು ಹದಿನೆಂಟಿಂಚಿನ ಗೋಡೆಯನ್ನು ದಾಟಿ ಒಳಗಿನ ಬಿಲ್ಲೆಯನ್ನು ತಬ್ಬಿತ್ತು. ಎಳೆತವೆಲ್ಲ ಅಗಲವಾದ ಬಿಲ್ಲೆಯ ಮೇಲೆ ಹರಡುತ್ತಿತ್ತು. ಮೇಲಿನ ಮಾಳಿಗೆಯವರ ಗ್ಯಾಲರಿಯನ್ನು ನಮ್ಮ ಖೋಲಿಯ ನಟ್ಟು ಹಿಡಿದಿತ್ತು ಅಂತ ಗೊತ್ತಾಗಲು ನನಗೆ ಐವತ್ತು ವರ್ಷ ತುಂಬಬೇಕಾಯಿತು!

ಹಳೇ ಕೈಗಳನ್ನೇ ಹಾಕೋಣ ಅಂತ ಚೋರ್ ಬಜಾರಿಗೆ ಹೋದೆ. ಕೆಡವಿದ ಮನೆಗಳ ಬ್ರಾಕೆಟ್ಟುಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಅಂಗಡಿಯವ ಸುತ್ತಿಗೆಯಿಂದ ತಟ್ಟಿ ತೋರಿಸಿದ: ಗಂಟೆಯಂತೆ ದನಿ ಕೊಟ್ಟರೆ ಗಟ್ಟಿ, ಬೊದ್ದೆಂದರೆ ಒಡಕು. ಇಂಜಿನಿಯರರು ಒಪ್ಪಲಿಲ್ಲ. ಕಿವಿಗೆ ಕೇಳದ ಒಡಕೂ ಇರುತ್ತೆ ಅಂದರು. ಭಾರ ಹೊರಲು ಸತುವು ಅದ್ದಿದ ಉಕ್ಕಿನ ಬ್ರಾಕೆಟ್ಟು, ಹದಿನಾರು ಮಿಲಿಮೀಟರಿನ ಉದ್ದ ಬೋಲ್ಟು, ಒಳಗೆ ಆರಿಂಚಿನ ಚೌಕ ಪ್ಲೇಟು, ಸಂದಿಗೆ ಸುಣ್ಣದ ಗಾರೆ ಅಂತ ತೀರ್ಮಾನವಾಯಿತು. ಬೋಲ್ಟುಗಳನ್ನು ನಾಗದೇವಿ ಸ್ಟ್ರೀಟಿನಲ್ಲಿ ನಾನೇ ಆರಿಸಿದೆ. ಅವೂ ಸತುವು ಅದ್ದಿದವೇ ಆಗಿರಬೇಕು, ಬೇರೆ ಬೇರೆ ಲೋಹ ತಾಗಿದರೆ ಉಪ್ಪುಗಾಳಿಗೆ ಒಂದು ಇನ್ನೊಂದನ್ನು ತಿನ್ನುತ್ತದೆ. ಮೊದಲು ಗ್ಯಾಲರಿಗೆ ಬಲ್ಲಿಗಳ ಊತ ಕೊಟ್ಟು, ಒಂದು ಕೈ ಕೂರಿಸಿದ ಮೇಲೆಯೇ ಮುಂದಿನದನ್ನು ಬಿಚ್ಚಿದರು. ಆರಕ್ಕೆ ಒಂಬತ್ತು ದಿನ.

ಅದಕ್ಕಿಂತ ಕಷ್ಟವಾದದ್ದು ಪಕ್ಕದ ಖೋಲಿಯವರನ್ನು ಒಪ್ಪಿಸುವುದು. ಆಗಷ್ಟೇ ಛಾವಣಿಯವರೆಗೆ ಟೈಲ್ಸು ಹಾಕಿಸಿದ್ದರು. "ಮೇಲಿನವರ ಗ್ಯಾಲರಿಗೆ ನನ್ನ ಗೋಡೆ ಯಾಕೆ ತೂತು ಮಾಡಬೇಕು?" ಅಂದರು. ನ್ಯಾಯವಾದ ಪ್ರಶ್ನೆಯೇ. ಎರಡು ಸಂಜೆ ಮಾತಾಡಿದರೂ ಬಗ್ಗಲಿಲ್ಲ. ಮೂರನೆಯ ಸಂಜೆ ಅವರ ಹೆಂಡತಿ ಮಾತಿಲ್ಲದೆ ನನ್ನನ್ನು ಹೊರಗೆ ಕರೆದು, ಅವರದೇ ಗ್ಯಾಲರಿಯ ಕೆಳಗೆ ಬೆರಳು ತೋರಿಸಿದರು. ಆ ನಟ್ಟು ಇದ್ದದ್ದು ಒಂದನೇ ಮಾಳಿಗೆಯವರ ಖೋಲಿಯಲ್ಲಿ.

ಡ್ರಮ್ಮುಗಳು ಈಗ ಗೋಡೆಗೆ ಒತ್ತಿ ನಿಂತಿವೆ. ಪ್ರತಿ ವರ್ಷ ಮೇ ಕೊನೆಗೆ ಸ್ಪ್ಯಾನರ್ ಹಿಡಿದು ಖೋಲಿ ಖೋಲಿ ಸುತ್ತುತ್ತೇನೆ. ಕಳೆದ ಸಲ ಒಂದು ನಟ್ಟು ಕಾಲು ಸುತ್ತು ಸಡಿಲಿತ್ತು.