ಕೈಗಾ ಗುಮ್ಮಟ: ಬಿದ್ದದ್ದು ಯಾವ ಭಾಗ? ರಿಯಾಕ್ಟರ್ ಕಟ್ಟಡದ ಒಳರಚನೆ ತಿಳಿಯುವ ಬಗೆ

ಉತ್ತರ ಕನ್ನಡ ಜಿಲ್ಲೆ ಕಾರವಾರ ತಾಲೂಕಿನ ಕೈಗಾದಲ್ಲಿ 1994ರ ಮೇ 13ರಂದು ಒಂದು ಅವಘಡ ಸಂಭವಿಸಿತು. ನಿರ್ಮಾಣ ಹಂತದಲ್ಲಿದ್ದ ಅಣು ವಿದ್ಯುತ್ ಸ್ಥಾವರದ ಒಂದನೇ ಘಟಕದ ಒಳ ಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ 30 ಮೀಟರಿನಷ್ಟು ಎತ್ತರದಿಂದ ಕೆಳಗೆ ಬಿತ್ತು. 14 ಮಂದಿ ಕಾರ್ಮಿಕರು ಗಾಯಗೊಂಡರು. ‘ಗುಮ್ಮಟವೇ ಕುಸಿಯಿತು’ ಎಂಬುದು ಜನರ ಮಾತು. ‘ಡಿಲಾಮಿನೇಷನ್’, ಅಂದರೆ ಪದರ ಕಳಚಿಕೊಂಡದ್ದು ಎಂಬುದು ತಜ್ಞರ ಮಾತು. ಕಟ್ಟಡದ ಒಳರಚನೆ ಗೊತ್ತಿಲ್ಲದೆ ಈ ಎರಡು ಮಾತುಗಳನ್ನು ತೂಗಿ ನೋಡಲಾಗದು. ಕೈಗಾದ ವಿದ್ಯುತ್ತಿನಲ್ಲಿ ಕೇರಳಕ್ಕೂ ಪಾಲಿರುವುದರಿಂದ, ಮುತ್ತಂಗದ ಈಚೆಗೆ ನೂಲ್ಪುಳದಲ್ಲಿರುವ ನಮಗೂ ಇದು ದೂರದ ಸಂಗತಿಯಲ್ಲ.

ಒಳಗೆ ಏನೇನಿದೆ?

ಕೈಗಾದ್ದು 220 ಮೆಗಾವಾಟ್ ಸಾಮರ್ಥ್ಯದ ಭಾರಜಲ ರಿಯಾಕ್ಟರ್. ಕಟ್ಟಡಕ್ಕೆ ಒಂದರೊಳಗೊಂದು ಎರಡು ಗೋಡೆಗಳಿವೆ. ಒಳಗಿನದು ಉಕ್ಕಿನ ಕೇಬಲ್‌ಗಳನ್ನು ಎಳೆದು ಬಿಗಿದ ಕಾಂಕ್ರೀಟ್. ಹೊರಗಿನದು ಸಾಮಾನ್ಯ ಕಬ್ಬಿಣ ಹಾಕಿದ ಕಾಂಕ್ರೀಟ್. ಒಳಗಿನಿಂದ ಏನಾದರೂ ಸೋರಿದರೂ ನೇರವಾಗಿ ಹೊರಗೆ ಹೋಗದಂತೆ ಇವೆರಡರ ನಡುವಿನ ಜಾಗದಲ್ಲಿ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆ ಇಡುತ್ತಾರೆ.

ಕಟ್ಟಡದೊಳಗೆ ಅಡ್ಡಲಾಗಿ ಮಲಗಿಸಿದ ದೊಡ್ಡ ಪೀಪಾಯಿಯಂಥ ಪಾತ್ರೆಯೊಂದಿದೆ. ಇದರ ಹೆಸರು ಕಲಾಂಡ್ರಿಯಾ. ಇದರ ಮೂಲಕ 306 ಕೊಳವೆಗಳು ಹಾದುಹೋಗುತ್ತವೆ. ಯುರೇನಿಯಂ ಇಂಧನ ಇರುವುದು ಇವುಗಳಲ್ಲೇ. ಪಾತ್ರೆಯ ಎರಡೂ ತುದಿಗಳಲ್ಲಿ ಇಂಧನ ತುಂಬುವ ಯಂತ್ರಗಳ ಕೋಣೆಗಳಿವೆ. ಮೇಲ್ಭಾಗದಲ್ಲಿ ಪಂಪುಗಳು ಮತ್ತು ಸ್ಟೀಮ್ ಜನರೇಟರುಗಳಿವೆ. ನೆಲಮಾಳಿಗೆಯಲ್ಲಿ ನೀರಿನ ಕೊಳವಿದೆ. ಕೊಳವೆ ಒಡೆದು ಬಿಸಿ ಹಬೆ ನುಗ್ಗಿದರೆ ಅದು ಈ ನೀರಿನೊಳಗೆ ಹಾದು ತಣ್ಣಗಾಗಬೇಕು ಎಂಬುದು ಲೆಕ್ಕ. ಇವೆಲ್ಲದರ ಮೇಲೆ ಮುಚ್ಚಳದಂತೆ ಒಳ ಗುಮ್ಮಟ. ಸ್ಟೀಮ್ ಜನರೇಟರುಗಳಿಗಾಗಿ ಅದರಲ್ಲಿ ದೊಡ್ಡ ತೂತುಗಳನ್ನು ಬಿಟ್ಟಿರುತ್ತಾರೆ.

ಏಕೆ ಕಳಚಿತು?

ಗುಮ್ಮಟದ ದಪ್ಪದೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಕೇಬಲ್ ತೂರಿಸಿ, ತುದಿಗಳಲ್ಲಿ ಜಗ್ಗಿ ಬಿಗಿಯುತ್ತಾರೆ. ಬಾಗಿದ ಹಗ್ಗವನ್ನು ಜಗ್ಗಿದರೆ ಅದು ನೆಟ್ಟಗಾಗಲು ನೋಡುತ್ತದೆ. ಹುಲ್ಲಿನ ಗಾಡಿಯ ಮೇಲೆ ಹಗ್ಗ ಬಿಗಿದಾಗ ಹುಲ್ಲು ಕೆಳಕ್ಕೆ ಅದುಮುವುದು ಇದರಿಂದಲೇ. ಗುಮ್ಮಟದಲ್ಲಿ ಹಗ್ಗವು ಕಾಂಕ್ರೀಟಿನ ನಡುವೆಯೇ ಇದೆ. ಅದು ತನ್ನ ಕೆಳಗಿನ ಪದರವನ್ನು ಕೆಳಕ್ಕೆ ಒತ್ತುತ್ತದೆ, ಮೇಲಿನ ಪದರವನ್ನು ಒತ್ತುವುದಿಲ್ಲ. ಹೀಗಾಗಿ ಎರಡು ಪದರಗಳನ್ನು ಬಿಡಿಸುವ ಸೆಳೆತ ಹುಟ್ಟುತ್ತದೆ. ಕೊಳವೆಗಳು ಒತ್ತೊತ್ತಾಗಿರುವಲ್ಲಿ ಅಂಟಿಕೊಳ್ಳಲು ಉಳಿಯುವ ಕಾಂಕ್ರೀಟ್ ಕಡಿಮೆ. ದಪ್ಪಕ್ಕೆ ಅಡ್ಡಲಾಗಿ ಎರಡೂ ಪದರಗಳನ್ನು ಹೊಲಿಯುವ ಕಬ್ಬಿಣ ಸಾಲದೆ ಹೋದರೆ ಕೆಳಗಿನ ಪದರ ಬಿಟ್ಟುಕೊಳ್ಳುತ್ತದೆ. ಕೈಗಾದಲ್ಲಿ ಆದದ್ದು ಇದೇ.

ಆದ್ದರಿಂದ ‘ಪದರ ಕಳಚಿತು’ ಎಂಬುದು ತಾಂತ್ರಿಕವಾಗಿ ಸರಿಯಾದ ಮಾತು. ಆದರೆ ಅದನ್ನು ಸಣ್ಣ ಮಾತೆಂದು ತಿಳಿಯಬಾರದು. ಕಳಚಿದ್ದು ಗೋಡೆಯ ಸಿಮೆಂಟ್ ಗಾರೆಯಲ್ಲ, ಭಾರ ಹೊರಬೇಕಾದ ಗುಮ್ಮಟದ ಒಂದು ಭಾಗ. ಇಂಥ ಗುಮ್ಮಟವನ್ನು ಹಾಗೆಯೇ ಬಿಟ್ಟು ಮುಂದುವರಿಯುವಂತಿರಲಿಲ್ಲ.

ನಂತರ ಏನಾಯಿತು?

ತನಿಖೆ ನಡೆಯಿತು. ಗುಮ್ಮಟದ ವಿನ್ಯಾಸವನ್ನು ಬದಲಿಸಿ, ಹೆಚ್ಚು ಬಲದ ಕಾಂಕ್ರೀಟ್ ಬಳಸಿ ಮತ್ತೆ ಕಟ್ಟಲಾಯಿತು. ಅದೇ ಮಾದರಿಯ ಗುಮ್ಮಟವಿದ್ದ ರಾಜಸ್ಥಾನದ 3 ಮತ್ತು 4ನೇ ಘಟಕಗಳ ಕೆಲಸವೂ ತಡವಾಯಿತು. ಕೈಗಾದ ಎರಡನೇ ಘಟಕ 2000ದ ಮಾರ್ಚ್‌ನಲ್ಲಿ, ಒಂದನೇ ಘಟಕ ಅದೇ ವರ್ಷ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇದೇ ಒಂದನೇ ಘಟಕ 2018ರ ಡಿಸೆಂಬರ್‌ನಲ್ಲಿ 962 ದಿನಗಳ ನಿರಂತರ ಓಟದ ವಿಶ್ವದಾಖಲೆ ಮಾಡಿತು.

ಇಂಧನ ಇದ್ದಿದ್ದರೆ?

ಅಂದು ಕೈಗಾದಲ್ಲಿ ಇಂಧನ ತುಂಬಿರಲಿಲ್ಲ. ವಿಕಿರಣದ ಭಯವಿಲ್ಲದೆ ಎಂಜಿನಿಯರುಗಳು ಒಳಗೆ ಹೋಗಿ, ಒಡೆದ ಮೈಯನ್ನು ಕಣ್ಣಾರೆ ನೋಡಿ ಕಾರಣ ಹುಡುಕಬಹುದಿತ್ತು. ಇಂಧನ ಇರುವಾಗ ಹಾನಿಯಾದರೆ ಈ ಅನುಕೂಲ ಇರುವುದಿಲ್ಲ. ಅಮೆರಿಕದ ತ್ರೀ ಮೈಲ್ ಐಲೆಂಡಿನಲ್ಲಿ 1979ರಲ್ಲಿ ಅಪಘಾತವಾಯಿತು. ಕ್ಯಾಮೆರಾ ಇಳಿಸಿ, ಇಂಧನವಿದ್ದ ಜಾಗದ ಮೇಲ್ಭಾಗ ಖಾಲಿಯಾಗಿರುವುದನ್ನು ಕಂಡದ್ದು 1982ರಲ್ಲಿ. ಜಪಾನಿನ ಫುಕುಶಿಮಾದಲ್ಲಿ 2011ರ ಮಾರ್ಚ್‌ನಲ್ಲಿ ಮೂರು ರಿಯಾಕ್ಟರುಗಳ ಇಂಧನ ಕರಗಿತು. ಅಲ್ಲಿ ನಕ್ಷೆಗಳನ್ನು ಮುಂದಿಟ್ಟುಕೊಂಡು, ರೋಬೋಟ್ ಕಳುಹಿಸಿ, ಆಕಾಶದಿಂದ ಬರುವ ಮ್ಯೂಯಾನ್ ಕಣಗಳ ನೆರವಿನಿಂದ ಎಕ್ಸ್‌ರೇ ತೆಗೆದಂತೆ ಒಳಗಿನ ಸ್ಥಿತಿ ಊಹಿಸಬೇಕಾಯಿತು. ಎರಡನೇ ಘಟಕದಿಂದ ಕರಗಿದ ಇಂಧನದ ಮೊದಲ ತುಣುಕು ಹೊರಬಂದದ್ದು 2024ರ ನವೆಂಬರ್‌ನಲ್ಲಿ. ಅದರ ತೂಕ ಒಂದು ಗ್ರಾಮಿಗೂ ಕಡಿಮೆ.

ರಿಯಾಕ್ಟರ್ ಕಟ್ಟಡಕ್ಕೆ ಹಾನಿ ಎಂಬ ಸುದ್ದಿ ಬಂದಾಗ ಓದುಗರು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಹಾನಿಯಾದದ್ದು ಒಳಗೋಡೆಗೋ ಹೊರಗೋಡೆಗೋ? ಅದರ ಕೆಳಗೆ ಏನಿತ್ತು? ಒಳಗೆ ಇಂಧನ ಇತ್ತೇ? ಇವಕ್ಕೆ ಉತ್ತರ ಸಿಕ್ಕರೆ ಸುಮ್ಮನೆ ಹೆದರುವುದೂ ತಪ್ಪುತ್ತದೆ, ಸುಮ್ಮನೆ ನಂಬುವುದೂ ತಪ್ಪುತ್ತದೆ.