ವಿಟಮಿನ್ ಮಾತ್ರೆ ತಿಂದರೆ ಜೀರ್ಣಶಕ್ತಿ ಹೆಚ್ಚುತ್ತದೆಯೇ?

ಸಾರಾಂಶ

"ಊಟ ಜೀರ್ಣವಾಗುತ್ತಿಲ್ಲವೇ? ದಿನಕ್ಕೊಂದು ಬಿ-ಕಾಂಪ್ಲೆಕ್ಸ್ ತೆಗೆದುಕೊಳ್ಳಿ, ಜೀರ್ಣಕಿಣ್ವಗಳು ಚುರುಕಾಗುತ್ತವೆ" ಎಂಬಂಥ ಸಲಹೆಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಿರುತ್ತವೆ. ಈ ಮಾತು ಬಹುಮಟ್ಟಿಗೆ ತಪ್ಪು.

ಜೀರ್ಣಕಿಣ್ವಗಳಿಗೆ ವಿಟಮಿನ್ ಬೇಕೇ?

ಅನ್ನ, ಮುದ್ದೆ, ಚಪಾತಿಯಲ್ಲಿರುವ ಪಿಷ್ಟವನ್ನು ಅಮೈಲೇಸ್ ಒಡೆಯುತ್ತದೆ. ಬೇಳೆ, ಮೊಟ್ಟೆಯ ಪ್ರೋಟೀನನ್ನು ಪೆಪ್ಸಿನ್ ಮತ್ತು ಟ್ರಿಪ್ಸಿನ್ ಒಡೆದರೆ, ಎಣ್ಣೆ, ತುಪ್ಪದ ಕೊಬ್ಬನ್ನು ಲೈಪೇಸ್ ಒಡೆಯುತ್ತದೆ. ಈ ಕೆಲಸಕ್ಕೆ ಇವು ನೇರವಾಗಿ ಯಾವ ವಿಟಮಿನ್ನನ್ನೂ ಬಳಸುವುದಿಲ್ಲ. ಪೆಪ್ಸಿನ್‌ಗೆ ಜಠರದ ಆಮ್ಲ ಬೇಕು, ಅಮೈಲೇಸ್‌ಗೆ ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಬೇಕು, ಲೈಪೇಸ್‌ಗೆ ಪಿತ್ತರಸದ ನೆರವು ಬೇಕು.

ಹಾಗಾದರೆ ಗೊಂದಲ ಎಲ್ಲಿಂದ ಬಂತು?

ಜೀರ್ಣವಾದ ಆಹಾರ ರಕ್ತಕ್ಕೆ ಸೇರಿ, ಜೀವಕೋಶಗಳಲ್ಲಿ ಶಕ್ತಿಯಾಗಿ ಬದಲಾಗುತ್ತದೆ. ಇದು ಚಯಾಪಚಯ ಕ್ರಿಯೆ. ಇಲ್ಲಿ ದುಡಿಯುವ ಅನೇಕ ಕಿಣ್ವಗಳಿಗೆ ಬಿ1, ಬಿ2, ಬಿ3, ಬಿ6 ವಿಟಮಿನ್‌ಗಳು ಬೇಕೇ ಬೇಕು. ಜೀವಕೋಶದ ಒಳಗಿನ ಈ ಕೆಲಸವನ್ನು ಹೊಟ್ಟೆಯಲ್ಲಿ ನಡೆಯುವ ಜೀರ್ಣಕ್ರಿಯೆ ಎಂದು ತಿಳಿದದ್ದೇ ಗೊಂದಲಕ್ಕೆ ಕಾರಣ.

ಸಂದೇಶದಲ್ಲಿ ಸ್ವಲ್ಪ ಸತ್ಯವೂ ಇದೆ. ಬಿ1 ಕೊರತೆಯಾದರೆ ಹಸಿವು ಕಡಿಮೆಯಾಗಬಹುದು. ಬಿ3 ತೀವ್ರವಾಗಿ ಕಡಿಮೆಯಾದರೆ ಭೇದಿ ಆಗಬಹುದು. ಅಂಥವರಿಗೆ ಮಾತ್ರೆಯಿಂದ ಗುಣ ಕಾಣುತ್ತದೆ. ಕೊರತೆಯೇ ಇಲ್ಲದವರಲ್ಲಿ ಹೆಚ್ಚುವರಿ ಬಿ2 ಮೂತ್ರದಲ್ಲಿ ಹೊರಹೋಗುತ್ತದೆ. ಬಿ-ಕಾಂಪ್ಲೆಕ್ಸ್ ತಿಂದಾಗ ಮೂತ್ರ ಗಾಢ ಹಳದಿಯಾಗುವುದು ಇದರಿಂದಲೇ.

ನಿಜವಾದ ಸಂಬಂಧ ಉಲ್ಟಾ!

ವಿಟಮಿನ್‌ಗಳು ದೇಹಕ್ಕೆ ದಕ್ಕಬೇಕಾದರೆ ಜೀರ್ಣಕ್ರಿಯೆ ಸರಿಯಿರಬೇಕು. ಹಾಲು, ಮೊಟ್ಟೆ, ಮಾಂಸದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಮತ್ತು ಪೆಪ್ಸಿನ್ ಅದನ್ನು ಬಿಡಿಸುತ್ತವೆ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆ ಹೀರಲ್ಪಡುವುದರಿಂದ ಅವಕ್ಕೆ ಲೈಪೇಸ್ ಮತ್ತು ಪಿತ್ತರಸ ಬೇಕು. ಹೀಗಾಗಿ ಮೇದೋಜೀರಕ ಗ್ರಂಥಿಯ ಕಾಯಿಲೆ ಇರುವವರಲ್ಲಿ ಈ ನಾಲ್ಕರ ಕೊರತೆ ಕಾಣಬಹುದು. ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗಬಹುದು.

ತಿಂದರೆ ನಷ್ಟವೇನು?

ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ನರಗಳಿಗೆ ಹಾನಿಯಾಗಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಾತ್ರೆ ನಂಬಿಕೊಂಡು ಕೂತರೆ ಅಸಲಿ ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ. ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ ಅಥವಾ ಮಲದಲ್ಲಿ ರಕ್ತ, ನುಂಗಲು ಕಷ್ಟ, ಜಿಡ್ಡಿನ ಮಲ, ಕೈಕಾಲು ಜೋಮು ಹಿಡಿಯುವುದು: ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಈ ಲೇಖನ ಓದಿ ನೀವಾಗಿಯೇ ನಿಲ್ಲಿಸಬೇಡಿ.

ತೀರ್ಮಾನ

ವಿಟಮಿನ್ ಮಾತ್ರೆ ಜೀರ್ಣಕಿಣ್ವಗಳನ್ನು ಚುರುಕುಗೊಳಿಸುತ್ತದೆ ಎಂಬುದು ಬಹುಮಟ್ಟಿಗೆ ತಪ್ಪು. ಕೊರತೆ ಇದ್ದವರಿಗೆ ಮಾತ್ರೆ ಬೇಕು, ಅಜೀರ್ಣಕ್ಕೆ ಅದರ ಕಾರಣ ಹುಡುಕಬೇಕು. ಮುಂದಿನ ಸಲ ಈ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ಈ ವಿಷಯ ತಿಳಿಸಿ.