ಅಯ್ಯಾವೊಳೆಯ ಐನೂರ್ವರು

ವ್ಯಾಪಾರಿಯು ಲಾಭಕ್ಕಾಗಿ ವ್ಯಾಪಾರಮಾಡುವನೆಂಬುದನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ಊಟಕ್ಕೆ ನಾವು ರೊಟ್ಟಿ ಮಾರುವವನ ಸ್ವಹಿತವನ್ನೇ ನೆಚ್ಚಿರುವೆವೆಂದು ಆಡಂ ಸ್ಮಿತ್ ಪಂಡಿತನು 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಆದರೆ ಹಾಗೆ ನೆಚ್ಚಬೇಕಾದರೆ ಕೊಳ್ಳುವವನೂ ಮಾರುವವನೂ ಎದುರೆದುರಿಗೆ ಇರಬೇಕು. ಇಲ್ಲವೆ ಮಾತಿಗೆ ತಪ್ಪಿದವನನ್ನು ದಂಡಿಸುವ ನ್ಯಾಯಸ್ಥಾನವಾದರೂ ಇರಬೇಕು. ಒಂದು ರಾಜ್ಯದ ಆಜ್ಞೆ ಮತ್ತೊಂದರಲ್ಲಿ ನಡೆಯದಿದ್ದ ಕಾಲದಲ್ಲಿ, ತಾನು ಕಾಣದ ನಾಡಿಗೆ ಸರಕನ್ನು ಕಳುಹಿಸಿದ ವರ್ತಕನು ಯಾರನ್ನು ನಂಬಿದನು? ಈ ಪ್ರಶ್ನೆಗೆ ನಮ್ಮ ಶಿಲಾಶಾಸನಗಳಲ್ಲಿ ಉತ್ತರವುಂಟು.

ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಅಯ್ಯಾವೊಳೆಯೆಂಬುದು ಹಿಂದಿನ ಹೆಸರು. ಆ ಹೆಸರನ್ನು ಧರಿಸಿದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕಸಂಘವು ಸುಮಾರು 9ನೆಯ ಶತಮಾನದಿಂದ ನಾಲ್ಕೈದು ನೂರು ವರ್ಷಗಳ ಕಾಲ ದಕ್ಷಿಣಾಪಥದಲ್ಲೆಲ್ಲ ಪ್ರಖ್ಯಾತವಾಗಿದ್ದಿತು. ಇವರು ಆನೆ ಕುದುರೆಗಳನ್ನೂ, ವಜ್ರ ಮುತ್ತುಗಳನ್ನೂ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನೂ ಸಗಟಾಗಿಯೂ, ಹೆಗಲಮೇಲೆ ಹೊತ್ತು ಬಿಡಿಯಾಗಿಯೂ ಮಾರುತ್ತಿದ್ದರೆಂದು ಬಳ್ಳಿಗಾವೆಯ ಶಾಸನವೊಂದು ತಿಳಿಸುತ್ತದೆ. ಬರ್ಮಾದೇಶದ ಪಗಾನಿನಲ್ಲಿ 'ನಾನಾದೇಶಿ'ಗಳ ಹೆಸರಿನ ವಿಷ್ಣ್ವಾಲಯವಿದ್ದಿತು. ಅದಕ್ಕೆ 13ನೆಯ ಶತಮಾನದಲ್ಲಿ ಮಂಟಪವನ್ನೂ ದೀಪವನ್ನೂ ಅರ್ಪಿಸಿದವನು ಮಲೆಯಾಳದವನು.

ಇಂಥ ಸಂಘದಲ್ಲಿ ಕನ್ನಡಿಗರೂ, ತಮಿಳರೂ, ತೆಲುಗರೂ ಇದ್ದರು. ಜೈನರೂ, ಶೈವರೂ, ವೈಷ್ಣವರೂ ಇದ್ದರು. ಇವರನ್ನು ಒಂದುಗೂಡಿಸಿದುದೇನು? ಶಾಸನಗಳ ಪ್ರಶಸ್ತಿಗಳಲ್ಲಿ ಇವರು ತಮ್ಮನ್ನು ವಾಸುದೇವ, ಖಂಡಳಿ, ಮೂಲಭದ್ರರ ವಂಶದವರೆಂದೂ, ಭಗವತಿಯ ವರಪ್ರಸಾದವನ್ನು ಪಡೆದವರೆಂದೂ, ವೀರಬಣಂಜು ಧರ್ಮದ ಪಾಲಕರೆಂದೂ ಹೇಳಿಕೊಳ್ಳುತ್ತಾರೆ. ಇದನ್ನು ರಕ್ತಸಂಬಂಧದ ದಾಖಲೆಯೆಂದು ಭಾವಿಸಬೇಕಾಗಿಲ್ಲ. ಬೇರೆಬೇರೆ ಕುಲದವರು ಒಬ್ಬರನ್ನೊಬ್ಬರು ದಾಯಾದಿಗಳಂತೆ ಕಾಣಲು ಕಲ್ಪಿಸಿಕೊಂಡ ನಂಟು ಇದು. ಸುಮಾತ್ರಾ ದ್ವೀಪದ ಬಾರೂಸಿನ ಸಮೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿ ಸಂಘದವರು ಅಲ್ಲಿಯ ತಮ್ಮವರನ್ನು 'ನಮ್ಮ ಮಕ್ಕಳು' ಎಂದೇ ಕರೆದಿದ್ದಾರೆ. ಇಂಥ ನಂಟಿನೊಳಗೆ ವಂಚಿಸಿದವನು ಕಳೆದುಕೊಳ್ಳುತ್ತಿದ್ದುದು ಒಬ್ಬ ಗಿರಾಕಿಯನ್ನು ಮಾತ್ರವಲ್ಲ. ಊರೂರಿನ ಬಳಗದಲ್ಲೂ ಅವನ ಮಾನ ಹೋಗುತ್ತಿದ್ದಿತೆಂದು ಊಹಿಸಬಹುದು.

ಇವರ ದಾನಗಳನ್ನೂ ಈ ಬೆಳಕಿನಲ್ಲಿ ನೋಡಬೇಕು. ವರ್ತಕರು ಸಭೆ ಸೇರಿ, ಮೆಣಸಿನ ಹೇರಿಗೆ ಇಷ್ಟು, ವೀಳ್ಯದೆಲೆಯ ಹೊರೆಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೆ ಬಿಟ್ಟಿರುವುದು ಅನೇಕ ಶಾಸನಗಳಲ್ಲಿ ಕಂಡುಬರುತ್ತದೆ. ಹೊಂಬುಜದಲ್ಲಿ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯು ಜಿನಾಲಯವನ್ನು ಕಟ್ಟಿಸಿದ ಸಂಗತಿ 1062ರ ಶಾಸನದಿಂದ ತಿಳಿದಿದೆ. ಲೆಕ್ಕದ ಪುಸ್ತಕದಲ್ಲಿ ಇದು ಕೇವಲ ವೆಚ್ಚ. ಆದರೆ ಹತ್ತು ಜನರೆದುರಿಗೆ ಕೊಟ್ಟು, ಕಲ್ಲಿನಮೇಲೆ ಬರೆಯಿಸಿ, ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂದು ಶಾಪವನ್ನಿಟ್ಟ ಮೇಲೆ, ಕೊಟ್ಟವನ ಮಾತಿಗೆ ಹೆಚ್ಚಿನ ಬೆಲೆ ಬರುತ್ತಿದ್ದಿರಬೇಕು. ಪುಣ್ಯವನ್ನು ಬಯಸಿಯೇ ಅವನು ಕೊಟ್ಟಿರಬಹುದು. ಅದರೊಡನೆ ನಂಬಿಕೆಯೂ ಬೆಳೆಯಿತು.

ಹಾಗೆಂದು ಇವರನ್ನು ಕೇವಲ ಸಾಧುಗಳೆಂದು ಹೊಗಳುವುದು ಸಲ್ಲದು. ಇವರೊಡನೆ ಆಯುಧಪಾಣಿಗಳಾದ ಭಟರಿದ್ದರು. ಹಡಗಿನಿಂದ ಬಂದವರು ಕಸ್ತೂರಿಯ ಬೆಲೆಗೆ ತಕ್ಕ ಹೊನ್ನನ್ನು ತೆತ್ತಮೇಲೆಯೇ ಕಾಲಿಡತಕ್ಕದ್ದೆಂದು ಆ ಸುಮಾತ್ರಾ ಶಾಸನವೇ ವಿಧಿಸುತ್ತದೆ. ಒಳಗಿನವರಿಗೆ ಬಂಧುತ್ವವಾದುದು ಹೊರಗಿನವರಿಗೆ ಬಾಗಿಲಾಗಬಹುದು. ಆ ಬಾಗಿಲು ಮುಚ್ಚಲೂಬಹುದು.

ಅರ್ಥವ್ಯವಹಾರವನ್ನು ಬೆಲೆ ಮತ್ತು ಲಾಭಗಳಿಂದಲೇ ಅಳೆಯುವವರು ಈ ಕಲ್ಲುಗಳನ್ನೊಮ್ಮೆ ಓದಬೇಕು. ಐನೂರ್ವರು ಲಾಭವನ್ನು ಬಿಟ್ಟವರಲ್ಲ. ಆದರೆ ಅವರ ಸರಕು ಸಮುದ್ರವನ್ನು ದಾಟುವುದಕ್ಕೆ ಮುಂಚೆ ಅವರ ನಂಟು ದಾಟಿರಬೇಕಾಗಿದ್ದಿತು. ನಮ್ಮ ಪೇಟೆಯ ಅಂಗಡಿಯಾತನು ಪತ್ರವಿಲ್ಲದೆ ಕಡ ಕೊಡುವಾಗಲೂ ನಮ್ಮ ಮನೆತನವನ್ನೂ ನೆರೆಹೊರೆಯನ್ನೂ ನೆನೆದೇ ಕೊಡುತ್ತಾನಲ್ಲವೆ?